ನಾಲ್ಕು ಬೆರಳ ಮಣ್ಣು

ದಿನಕ್ಕೆ ನಾಲ್ಕು ಬೆರಳು. ಅದಕ್ಕಿಂತ ಹೆಚ್ಚು
ಏರಿಸುವಂತಿಲ್ಲ ವಾಡೆಯ ಗೋಡೆ.
ಸೋದರಮಾವ ಒತಿಯಾನ ಕಟ್ಟಳೆ ಇದು,
ಅವನಪ್ಪನದು, ಈ ಕಖೇತಿಯ ಕೆಮ್ಮಣ್ಣಿನದು.
ಆಳೆತ್ತರ ಮೀರಿದ್ದು, ಗಬ್ಬದ ಎಮ್ಮೆಯ ಹೊಟ್ಟೆಯದು,
ಮುಂದೊಮ್ಮೆ ಕುತ್ತಿಗೆವರೆಗೆ ನೆಲದಲ್ಲಿ ಹೂತು
ದ್ರಾಕ್ಷಿಯ ರಸವನ್ನು ಚಳಿಗಾಲವೆಲ್ಲ
ಕತ್ತಲಲ್ಲಿ ಕಾಯಬೇಕಾದ್ದು.
ಅದಕ್ಕಿರಲಿಲ್ಲ ಅವಸರ. ನನಗಿತ್ತು.

ಇಪ್ಪತ್ಮೂರರಲ್ಲಿ ಬೆಟ್ಟದ ಮೇಲಿನ ಮಠದ ಕದ ತಟ್ಟಿ
ದೇವರು ಕರೆದಿದ್ದಾನೆ ಎಂದೆ.
ಹಿರಿಯರು ನನ್ನ ಬೂಟುಗಳನ್ನು ನೋಡಿದರು,
ಒಂದು ಬಟ್ಟಲು ಅವರೆಸಾರು ಬಡಿಸಿದರು.
'ಕರೆದದ್ದು ನಿಜವಿರಬಹುದು ಮಗೂ,
ಈಗಲೇ ಅಂದನೇ?'
ಕಾಗದ ಬರೆಯುತ್ತೇವೆ, ಹೋಗಿರು, ಎಂದರು.

ಹೋಗಿದ್ದೆ. ಇದ್ದೆ ಎನ್ನಲಾರೆ.
ಮಧ್ಯಾಹ್ನವಾದರೆ ಕಿವಿಯೆಲ್ಲ ಬೇಲಿಯಾಚೆ,
ಅಂಚೆಯ ತ್ಸಿಯಾಲಾಳ ಸೈಕಲ್ಲು ಕಿರುಗುಟ್ಟುವ ಕಡೆ.
ವಿದ್ಯುತ್ತಿನ ಬಿಲ್ಲು. ಅತ್ತೆಯ ಪಿಂಚಣಿ. ಮತ್ತೆ ಬಿಲ್ಲು.
ನಿನ್ನೊಡನೆ ಲೆಕ್ಕಕ್ಕೆ ಕೂತೆ, ಸ್ವಾಮಿ:
ಇಷ್ಟು ಉಪವಾಸ, ಇಷ್ಟು ಮೊಂಬತ್ತಿ,
ಇಷ್ಟು ಬೆಳಗಿನ ಜಾವ ಮೊಣಕಾಲ ಮೇಲೆ,
ಬಡ್ಡಿ ಸೇರಿಸಿ ಕೊಡು.
ನೀನು ಏನೂ ಅನ್ನಲಿಲ್ಲ.

ಮಾವ ಮದುವೆಗೆ ಹೋದ ದಿನ
ನಾಲ್ಕರ ಮೇಲೆ ನಾಲ್ಕಿಟ್ಟೆ, ಅದರ ಮೇಲೆ ಇನ್ನೂ ನಾಲ್ಕು.
ಸಂಜೆಯ ಬೆಳಕಲ್ಲಿ ಎಷ್ಟು ಚೆಂದ ನಿಂತಿತ್ತು!
ನಡುರಾತ್ರಿ ಎಮ್ಮೆಯೊಂದು ಕೆಸರಲ್ಲಿ
ಮೆಲ್ಲಗೆ ಕೂತ ಸದ್ದು.
ಎದ್ದು ಲಾಂದ್ರ ಹಿಡಿದರೆ
ವಾಡೆಯ ಬಾಯಿ ನೆಲ ಕಚ್ಚಿತ್ತು.

ಬೆಳಗ್ಗೆ ಬಂದ ಮಾವ ಬಯ್ಯಲಿಲ್ಲ.
ಕಾಲಲ್ಲಿ ಮುರಿದು ಮುರಿದು
ನೆನೆಗುಂಡಿಗೆ ತಳ್ಳಿದ, ನೀರು ಹೊಯ್ದ.
'ಮಣ್ಣು ಕೆಟ್ಟಿಲ್ಲ' ಎಂದವನೇ ಮಲಗಲು ಹೋದ.

ಚರ್ಚಿಗೆ ವರ್ಷಕ್ಕೊಮ್ಮೆ, ಈಸ್ಟರಿಗೆ ಬರುವವನು ಅವನು,
ಅದೂ ಬಾಗಿಲ ಬಳಿಯೇ, ಟೋಪಿ ಕೈಯಲ್ಲಿ.
ಆದರೆ ದಿನ ಬೆಳಗಾದರೆ
ನಿನ್ನೆಯ ಅಂಚಿನ ಒದ್ದೆ ಬಟ್ಟೆ ಸರಿಸಿ
ಬೆರಳ ಬೆನ್ನಿನಿಂದ ಮುಟ್ಟುತ್ತಾನೆ,
ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ.
ತೀರ ಹಸಿಯಿದ್ದರೆ ಹೊರಲಾರದು,
ತೀರ ಒಣಗಿದರೆ ಹಿಡಿಯಲಾರದು.
ಹದ, ಎನ್ನುತ್ತಾನೆ. ಇಲ್ಲವೇ, ಇನ್ನೂ ಇಲ್ಲ, ಎನ್ನುತ್ತಾನೆ.
ಇಷ್ಟೇ ಅವನ ಬೋಧನೆ.
ನನ್ನನ್ನೂ ಯಾರೋ ಹಾಗೆ ಬೆಳಬೆಳಗ್ಗೆ
ಮುಟ್ಟಿ ಬಿಡುತ್ತಿದ್ದಾರೆಂದು
ಎಷ್ಟನೆಯ ವಾಡೆಗೆ ತಿಳಿಯಿತೋ, ನೆನಪಿಲ್ಲ.

ನೆನಪಿರುವುದು ಒಂದು ಶನಿವಾರದ ಸಂಜೆ.
ನಮ್ಮೂರ ಗುಡಿಯ ಶಿಲುಬೆ ದ್ರಾಕ್ಷಿಬಳ್ಳಿಯದು;
ಅದರ ತೋಳು ನೆಟ್ಟಗಿಲ್ಲ, ಜೋತಿವೆ,
ಇಡೀ ದಿನ ದುಡಿದು ಬಂದವನ ತೋಳಂತೆ.
ಅದರ ಮುಂದೆ ನಿಂತು
ಮಾವನ ಮಂಡಿನೋವಿಗೆ ಬೇಡಿದೆ,
ತ್ಸಿಯಾಲಾಳ ಮಗಳ ಹೆರಿಗೆಗೆ ಬೇಡಿದೆ,
ಮೊಂಬತ್ತಿ ಹಚ್ಚಿ ಹೊರಬಿದ್ದು
ಹೊಳೆಯ ತನಕ ನಡೆದ ಮೇಲೆ ಹೊಳೆಯಿತು:
ನನ್ನದು ಕೇಳುವುದೇ ಮರೆತಿತ್ತು.

ಇದು ಏಳನೆಯ ವರ್ಷ.
ಅಂಗಳದ ತುಂಬ ಹಿಪ್ಪುನೇರಳೆ ಉದುರಿದೆ,
ಕೋಳಿಗಳ ಕಾಲೆಲ್ಲ ನೇರಳೆ.
ವಾಡೆಯ ಭುಜ ಒಳಕ್ಕೆ ತಿರುಗುವ ಹೊತ್ತು,
ಮೊಳಕೈವರೆಗೂ ನಾನು ಮಣ್ಣು.
ಬೇಲಿಯ ಬಳಿ ಸೈಕಲ್ಲು ನಿಂತದ್ದು ಕೇಳಲೇ ಇಲ್ಲ.
'ಬೆಟ್ಟದಿಂದ ಕಾಗದ!' ತ್ಸಿಯಾಲಾಳ ದನಿ ನಡುಗುತ್ತಿದೆ,
'ಒಡೆದು ಓದಲೇನೋ?'

ಮಾವ ನೆರಳಲ್ಲಿ ಕಾಲು ಚಾಚಿ ಕೂತಿದ್ದಾನೆ.
ಬಾಯಲ್ಲಿದ್ದ ಹಣ್ಣಿನ ತೊಟ್ಟು ಉಗುಳಿ
ನನ್ನ ಮುಖವನ್ನಲ್ಲ, ಕೈ ನೋಡುತ್ತಿದ್ದಾನೆ.

ಕಿಟಕಿಯ ಮೇಲಿಡಕ್ಕಾ, ಎಂದೆ,
ಹಾರದಂತೆ ಒಂದು ಕಲ್ಲು ಹೇರು.
ಇನ್ನೂ ಎರಡು ಬೆರಳಿದೆ.