ಟವೆಲ್ಲಿನ ಕೆಳಗೆ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಕರೆಂಟು ಹೋದರೆ ಮಾತು ಬರುತ್ತದೆ.
ಲೇತು ನಿಂತಿತು, ವೆಲ್ಡಿಂಗಿನ ನೀಲಿ ಆರಿತು.
ಮಸ್ಕರೇನಸ್ ಸಾರ್ಜೆಂಟರು
ಕ್ಲಚ್ ಪ್ಲೇಟಿನ ಖಾಲಿ ಡಬ್ಬಿ ಹರಿದು
ರಟ್ಟಿನ ಮೇಲೆ ಮೂರು ವಿಮಾನ ಬರೆದರು.
ಇಪ್ಪತ್ತು ವರ್ಷ ವಾಯುಸೇನೆಯ ಹ್ಯಾಂಗರಿನಲ್ಲಿ
ಬೇರೆಯವರು ಹಾರಲೆಂದು ನಟ್ಟು ಬಿಗಿದ ಕೈ;
ಗೆರೆ ಈಗಲೂ ನೆಟ್ಟಗೆ.

ಎದುರಿಗೆ ದಸ್ತಗೀರ್ ಸಾಬರು,
ಹಳೇ ಟ್ರ್ಯಾಕ್ಟರಿನ ದಲ್ಲಾಳಿ,
ಅಪ್ಪನ ಕಾಲಕ್ಕೆ ಎತ್ತಿನ ದಲ್ಲಾಳಿ.
ಹಲ್ಲು ನೋಡದೆ ಏನನ್ನೂ ಕೊಳ್ಳದ ಮನೆತನ.
"ಇದು ಯಾರದ್ದು?" ಅಂದರು, ಮೊದಲನೆಯದಕ್ಕೆ ಬೆರಳಿಟ್ಟು.

"ಟೈಫೂನ್. ನಾಲ್ಕು ದೇಶ ಸೇರಿ ಮಾಡಿದ್ದು.
ಎರಡು ಎಂಜಿನ್. ಮೇಲೇರೋಕೆ ನಿಂತರೆ ಬಾಣ."
"ಅಂದರೆ ಆರ್‌ಸಿ ನಾಲ್ಕು ಜನರ ಹೆಸರಲ್ಲಿ. ಬಿಡಿ.
ಒಬ್ಬ ಮುಂಗಡ ಇಸಕೊಂಡಿರ್ತಾನೆ,
ಇನ್ನೊಬ್ಬ, ಆ ಗಿರಾಕಿಗೆ ಬೇಡ, ಅವನ ಕೈ ಸರಿಯಿಲ್ಲ ಅಂತಾನೆ,
ಸಬ್‌ರಿಜಿಸ್ಟ್ರಾರ್ ಆಫೀಸಿನ ಕಟ್ಟೆ ಮೇಲೆ ಕೂತು
ಗಿರಾಕಿಯ ಗಡ್ಡ ನೆರೆಯುತ್ತೆ.
ನಮ್ಮ ಹೊಳಲೂರಿನ ಗದ್ದೆ ಇನ್ನೂ ಹಾಗೇ ಇದೆ."
"ತುರ್ಕಿಯವರಿಗೆ ಹಾಗೇ ಆಯ್ತು ಸಾಬರೇ, ವರ್ಷಗಟ್ಟಲೆ."

ಎರಡನೆಯದು ಸಣ್ಣದು. ಗ್ರಿಪೆನ್, ಸ್ವೀಡನ್ನಿನದು.
ಒಂದೇ ಎಂಜಿನ್, ಹೊಟ್ಟೆಬಾಕ ಅಲ್ಲ.
ಹೆದ್ದಾರಿಯ ಮೇಲೆ ಇಳಿಯುತ್ತೆ, ಐದಾರು ಹುಡುಗರು
ಹತ್ತೇ ನಿಮಿಷದಲ್ಲಿ ತಿನ್ನಿಸಿ ಉಣ್ಣಿಸಿ ಕಳಿಸುತ್ತಾರೆ.
"ಹೊಸನಗರದ ರಸ್ತೆಗೆ ಬಂದು ಇಳೀಲಿ ನೋಡೋಣ," ಅಂದೆ.
ಸಾಬರು ನಗಲಿಲ್ಲ. "ಎಂಜಿನ್ ಯಾರದ್ದು?"
"ಅಮೆರಿಕದವರ ನಕ್ಷೆ."
ಚಹಾದ ಲೋಟ ಕೆಳಗಿಟ್ಟರು.
"ಹಸು ನಿಂದು, ಕೆಚ್ಚಲು ಪಕ್ಕದ ಮನೆಯವನದ್ದು.
ಅವನು ಹ್ಞೂಂ ಅನ್ನದೆ
ಸಂತೆಗೆ ಹೊಡಕೊಂಡು ಹೋಗೋ ಹಾಗಿಲ್ಲ."

ಮೂರನೆಯದು ರಫೇಲ್. ನಮ್ಮಲ್ಲೂ ಇದೆ.
"ರೆಕ್ಕೆ, ಎಂಜಿನ್, ರಾಡಾರು, ಎಲ್ಲ ಒಂದೇ ಮನೆ. ಫ್ರಾನ್ಸು.
ಯಾರ ರುಜುವೂ ಬೇಕಿಲ್ಲ.
ಈಜಿಪ್ಟು, ಕತಾರು, ಗ್ರೀಸು, ಇಂಡೋನೇಷ್ಯಾ..."
"ಕಾಗದ ಚೊಕ್ಕ. ರೇಟು?"
"ಕೇಳಬೇಡಿ."
"ಕೇಳಬೇಡಿ ಅನ್ನೋ ಅಂಗಡೀಲಿ
ಬೋಲ್ಟೂ ಅವನ ಹತ್ತಿರಾನೇ ತಗೋಬೇಕು, ನಲವತ್ತು ವರ್ಷ."
ನಾನು ಸ್ಪೇರ್‌ಪಾರ್ಟ್ಸ್ ಮಾರುವವನು, ತಲೆ ತಗ್ಗಿಸಿದೆ.
ಗಾಡಿ ಮಾರಿದವನಿಗೆ ಒಂದು ಸಲ ಲಾಭ;
ನನ್ನಂಥವನಿಗೆ, ಅದು ಕೆಟ್ಟಷ್ಟು ಸಲ.

ಆಮೇಲೆ ಸಾಬರು ಹೆಗಲ ಟವೆಲ್ ತೆಗೆದು
ಸಾರ್ಜೆಂಟರ ಕೈ ಮೇಲೆ ಹೊದಿಸಿದರು.
ಹೀಗೇ ಅವರಪ್ಪ, ಆಯನೂರಿನ ಸಂತೆಯಲ್ಲಿ:
ಬಾಯಿ ಮಗಳ ಮದುವೆಯ ಮಾತಾಡುತ್ತಿರುತ್ತೆ,
ಕೆಳಗೆ ಬೆರಳು ಸಾವಿರ ಎಣಿಸುತ್ತೆ.
ಸುತ್ತ ನಿಂತವರಿಗೆ ಕಂಡದ್ದು
ಬಟ್ಟೆ ಅಲುಗಿದ್ದಷ್ಟೇ.
"ಆ ದೇಶದವರೂ ಹೀಗೇ ತಾನೆ?
ಟವೆಲ್ಲು ಸ್ವಲ್ಪ ದೊಡ್ಡದು."

ಕೈಯೊಳಗೆ ಕೈ ಆಡಿತು. ಸಾಬರ ಹುಬ್ಬು ಗಂಟಾಯಿತು.
"ಸಾರ್ಜೆಂಟರೇ, ಇದು ಮೂರೂವರೆಯೋ, ನಾಲ್ಕೋ?"
ಉಂಗುರದ ಬೆರಳು ಅರ್ಧವೇ ಇರುವುದು ನನಗೆ ಗೊತ್ತು,
ತೊಂಬತ್ತೊಂದರಲ್ಲಿ ಯಾವುದೋ ವಿಮಾನದ ಬಾಗಿಲು ಕಚ್ಚಿದ್ದು.
ಸಾಬರ ಕೈಗೆ ಇವತ್ತು ಸಿಕ್ಕಿದೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:
"ಎತ್ತು ಉಳುತ್ತೆ, ಟ್ರ್ಯಾಕ್ಟರೂ ಉಳುತ್ತೆ.
ಇದು ಹೋಗಿ ಏನು ಮಾಡಿ ಬರುತ್ತೆ?"
"ನಾನು ಕಂಡಿದ್ದು ಹೋಗೋದು, ಬರೋದು," ಅಂದರು ಸಾರ್ಜೆಂಟರು,
ಟವೆಲ್ಲಿನಡಿಯಿಂದ ಕೈ ತೆಗೆಯದೆ.
"ನಾಲ್ಕು ಹೋದರೆ ನಾಲ್ಕು ಬಂತಾ ಅಂತ ಎಣಿಸ್ತಿದ್ದೆ.
ರೆಕ್ಕೆಯಡಿ ತೂಗುಹಾಕಿದ್ದು ಇಲ್ಲದೆ ಬಂದ ದಿನ
ವಿಮಾನ ಹಗುರ,
ಟೈರು ಕಡಿಮೆ ಸವೆದಿರೋದು.
ಅದನ್ನೂ ಬುಕ್ಕಿನಲ್ಲಿ ಬರೆದಿಡ್ತಿದ್ದೆ."

ಸೋಗಾನೆಯ ಕಡೆ ಸಂಜೆಯ ವಿಮಾನ ತಗ್ಗುತ್ತಿತ್ತು,
ಎಪ್ಪತ್ತು ಸೀಟಿನದು, ದೀಪ ಹೊತ್ತಿಸಿಕೊಂಡು.
ಸಾರ್ಜೆಂಟರು ಅದನ್ನೂ ಎಣಿಸಿದರೋ ಏನೋ.
ಕರೆಂಟು ಬಂತು.
ಕುಂಸಿಯ ಹುಡುಗನೊಬ್ಬ ಆಕ್ಸಿಲರೇಟರ್ ಕೇಬಲ್ ಕೇಳಿದ.
ನೂರಾ ಎಂಬತ್ತು ಅಂದೆ; ನೂರೈವತ್ತು ಮಾಡಿ ಅಂದ,
ಎಲ್ಲರೆದುರೂ, ಬಾಯಿಬಿಟ್ಟು.
ಕೈಗೆ ಸಿಕ್ಕಿದ ರಟ್ಟಿಗೇ ಸುತ್ತಿ ಕೊಟ್ಟೆ.
ಹೊರಗೆ ಕಾಣುತ್ತಿದ್ದದ್ದು
ಯಾವುದರ ಬಾಲವೋ, ನೋಡಲಿಲ್ಲ.