ಮೂರನೇ ರವಿವಾರ

ಗಂಗಾವತಿಯ ಹಿಟ್ಟಿನ ಗಿರಣಿಯ ಮಾಳಿಗೆ ಮೇಲೆ
ತಿಂಗಳ ಮೂರನೇ ರವಿವಾರ ಕೂಡುತ್ತೇವೆ.
ಗಿರಣಿಗೆ ಅವತ್ತು ಸೂಟಿ. ಆದರೂ ಜಮಖಾನೆ ಜಾಡಿಸಿದರೆ
ಜೋಳದ ಧೂಳು ಏಳುತ್ತದೆ,
ಕ್ಯಾಂಪಿನ ಸೂರ್ಯಕಾಂತಮ್ಮ ಮೂರು ಸಲ ಸೀನುತ್ತಾಳೆ.
ಅದೇ ನಮ್ಮ ಗಂಟೆ. ಶುರು.

ಏಳು ಜನ, ಒಂದು ಕೌದಿ, ಒಂದು ಕಾದಂಬರಿ.
ಒಬ್ಬರು ಓದುವುದು, ಆರು ಜನ ಹೊಲಿಯುವುದು.
ಓದುವ ಗಂಟಲು ಆರಿದರೆ
ಪುಸ್ತಕ ಪಕ್ಕದ ತೊಡೆಗೆ, ಅಲ್ಲಿಯ ಸೂಜಿ ಇಲ್ಲಿಯ ಕೈಗೆ.
ಪುಟದ ಗುರುತಿಗೆ ಒಂದೆಳೆ ಕೆಂಪು ದಾರ.

ನಾನು ಬಸ್‌ಸ್ಟ್ಯಾಂಡಿನ ಪಾಸ್ ಕೌಂಟರಿನವಳು.
ವಾರವಿಡೀ ಗೇಣಗಲ ಕಿಂಡಿಯಲ್ಲಿ
ಬರೀ ಕೈ ನೋಡುತ್ತೇನೆ,
ಬೆವೆತ ಚಿಲ್ಲರೆ, ಮಡಿಚಿ ಮಡಿಚಿ ಹರಿದ ಆಧಾರ್ ಜೆರಾಕ್ಸು.
ಇಲ್ಲಿ ಕೈಗಳ ಮೇಲೆ ಮುಖವೂ ಇರುತ್ತದೆ.

ಹುಲಿಗೆವ್ವ ಕಡೀ ಪುಟ ಮೊದಲೇ ಓದಿ ಬಂದು
ತುಟಿ ಕಚ್ಚಿಕೊಂಡು ಕೂಡುತ್ತಾಳೆ,
ಯಾರಾದರೂ "ಮುಂದೇನಾಗ್ತದೋ" ಅಂದರೆ
ಆಕೆಯ ಹೊಲಿಗೆ ದಡಬಡ ಓಡುತ್ತದೆ.
ಕಾಸೀಂಬಿಗೆ ಅಕ್ಷರ ಬರುವುದಿಲ್ಲ.
ಆದರೆ ಆರನೇ ಅಧ್ಯಾಯದ ನಡುವೆ ಸೂಜಿ ಎತ್ತಿ ಹಿಡಿದಳು:
"ತಡೀರವ್ವಾ. ಈ ಹುಡುಗಿ ಅವತ್ತು ಹೊಳಿ ದಾಟುವಾಗ
ನೀಲಿ ಕುಪ್ಪಸ ತೊಟ್ಟಿದ್ದಳು.
ಅದೇ ದಿನ, ಈ ದಂಡೆಗೆ ಬಂದಾಗ ಹಸಿರು ಹೆಂಗಾತು?"

ಹಿಂದಕ್ಕೆ ತಿರುವಿದೆವು.
ಹೌದು, ನೀಲಿ.
ಅಷ್ಟು ದೊಡ್ಡ ಲೇಖಕರು,
ಅವರ ಹಿಂದೆ ತಿದ್ದುವವರು, ಅಚ್ಚು ಹಾಕುವವರು,
ಯಾರೂ ಹೊಳೆಯಲ್ಲಿ ಆ ಕುಪ್ಪಸ ನೋಡಿರಲಿಲ್ಲ.
ಅರ್ಧ ತಾಸು ಜಗಳ.
ಬಣ್ಣ ಬಿಡುವ ಬಟ್ಟೆ ಅಂತ ಒಬ್ಬಳು,
ದೋಣಿಯಲ್ಲೇ ಬದಲಿಸಿದಳು ಅಂತ ಇನ್ನೊಬ್ಬಳು,
"ಅಷ್ಟು ಗಂಡಸರ ಮುಂದ?" ಅಂತ ಮತ್ತೊಬ್ಬಳು.
ಕಡೆಗೆ ಕೌದಿಯ ಮಧ್ಯಕ್ಕೆ
ಒಂದು ನೀಲಿ ತುಂಡು, ಒತ್ತಿಗೆ ಒಂದು ಹಸಿರು.
ನಡುವಿನ ಹೊಲಿಗೆ ಹೊಳೆ.

"ಇದರಿಂದ ಏನು ಗಳಿಕೆ?"
ಊಟದ ಹೊತ್ತಿಗೆ ಮನೆಯವರು ಕೇಳಿದರು,
ಬೈಯ್ಯಲು ಅಲ್ಲ, ನಿಜಕ್ಕೂ ತಿಳಿಯಲು.
ಲೆಕ್ಕ ಹಾಕಿದೆ: ಹನ್ನೊಂದು ತಿಂಗಳು,
ಮುರಿದ ಸೂಜಿ ನಾಲ್ಕು, ಉಳಿದ ಪುಟ ನಲವತ್ತು.
"ಏನೂ ಇಲ್ಲರೀ" ಅಂದೆ.
ಅನ್ನುವಾಗ ಯಾಕೋ
ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗಿತ್ತು.

ಪುಷ್ಯದ ಚಳಿಯಲ್ಲಿ ಒಂದು ಟೆಂಪೋ ಮಾಡಿ
ಹಿರೇಬೆಣಕಲ್ಲಿಗೆ ಹೋದೆವು, ಮೋರ್ಯರ ಗುಡ್ಡಕ್ಕೆ.
ಕಟಕು ರೊಟ್ಟಿ, ಗುರೆಳ್ಳು ಹಿಂಡಿ, ಕ್ಯಾಂಪಿನ ಪುಳಿಹೋರ,
ಪುಸ್ತಕ ಪುಳಿಹೋರದ ಡಬ್ಬಿಯ ಕೆಳಗೆ,
ಒಂದು ಮೂಲೆಗೆ ಈಗಲೂ ಅರಿಸಿನ.
ಗುಂಡು ಹತ್ತುವಾಗ ಮೊಣಕಾಲು ಏಳು ಭಾಷೆ ಮಾತಾಡಿದವು.

ಮೇಲೆ ಹಾಸುಗಲ್ಲಿನ ಮನೆಗಳು, ಸಾಲು ಸಾಲು,
ಗೋಡೆಗೊಂದು ದುಂಡನೆಯ ತೂತು.
ಬೋರ್ಡು ಓದಿ ನಾನು ಸತ್ತವರ ಮಾತು ಹೇಳಿದೆ.
ಎಲ್ಲರೂ ಸುಮ್ಮನಾದರು.
ಕಾಸೀಂಬಿ ಮಾತ್ರ ಹತ್ತಿರ ಹೋಗಿ
ತೂತಿನ ಅಂಚಿಗೆ ಗೇಣು ಹಾಕಿ ಅಳೆದಳು,
ಬೆರಳಿಂದ ಸವರಿ, ಸುತ್ತು ಮುಗಿಸಿ,
"ಕೊರಳ ಪಟ್ಟಿ ಚಲೋ ತಿರುವ್ಯಾನ.
ಎಲ್ಲೂ ಜಗ್ಗಿಲ್ಲ" ಅಂದಳು,
ಒಬ್ಬ ಟೇಲರ್ ಇನ್ನೊಬ್ಬನ ಬಗ್ಗೆ ಅನ್ನುವ ಹಾಗೆ.

ಕೆರೆಯ ಅಂಚಿನಲ್ಲಿ ಉಂಡು ಎರಡು ಪುಟ ಓದಿದೆವು.
ಮೂರನೆಯದನ್ನು ಗಾಳಿ ತಿರುವಿತು, ನಾವು ಒಪ್ಪಲಿಲ್ಲ.
ನಗಾರಿಯಂಥ ಬಂಡೆಗೆ ಹುಲಿಗೆವ್ವ ಕಲ್ಲಿಂದ ಬಾರಿಸಿದರೆ
ಕೆಳಗೆಲ್ಲೋ ಆಡು ಕಾಯುವ ಹುಡುಗ ಸಿಳ್ಳೆ ಹಾಕಿದ.
ಆಕೆ ಮತ್ತೆ ಬಾರಿಸಿದಳು. ಅವನು ಮತ್ತೆ.
ಟೆಂಪೋದವನು ಹಾರ್ನ್ ಹೊಡೆಯುವ ತನಕ.

ಈಗ ಪುಸ್ತಕ ಹನ್ನೆರಡು ಪುಟ ಇದೆ,
ಕೌದಿ ಒಂದು ಮೊಳ.
ಮುಗಿದರೆ ಯಾರ ಮನೆಗೆ ಅನ್ನುವುದು ಇತ್ಯರ್ಥವಾಗಿಲ್ಲ,
ಯಾರೂ ಆ ಮಾತು ಎತ್ತುವುದೂ ಇಲ್ಲ.
ಹೋದ ಸಲ ನಾನು ಓದುತ್ತ ಓದುತ್ತ ಕಣ್ಣೆತ್ತಿದೆ.
ಕಾಸೀಂಬಿ ಒಂದು ಇಡೀ ಸಾಲು ಬಿಚ್ಚುತ್ತಿದ್ದಳು.
"ಓರೆ ಬಂದಿತ್ತು" ಅಂದಳು.
ನನಗೇನೂ ಓರೆ ಕಾಣಲಿಲ್ಲ.
ನಾನು ಓದಿದ ಪುಟವನ್ನೇ
ಮತ್ತೊಮ್ಮೆ, ಮೊದಲಿಂದ, ಓದಿದೆ.