ಅರ್ಧ ಶಟರ್

ಬಂದ್ ಇದ್ದ ದಿನ ನೆಹರೂ ಗಂಜಿನಾಗ
ಸೇಟಗಳು ಅರ್ಧ ಶಟರ್ ಇಳಿಸಿ
ಒಳಗ ತೊಗರಿ ತೂಗಸ್ತಿರತಾರಲ್ಲ,
ಹಂಗದ ಈಗ ನನ್ನ ಎಡಗಣ್ಣು.
ಮುಚ್ಚ್ಯದೋ ತೆರದದೋ
ಬಂದವರು ಬಗ್ಗಿ ನೋಡಬೇಕು.

ಹುಬ್ಬಿನ ನಡುವ ಎರಡು ಗೆರಿ ಇದ್ದವು ನನಗ,
ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಫಾಯದಾ.
ಒಂಬತ್ತನೇತ್ತದ ಹುಡುಗೀರು ಬಚ್ಚಲ ಗ್ವಾಡಿ ಮ್ಯಾಲ ಬರದಿದ್ರು:
ಸಮಾಂತರ ರೇಖೆ ಎಷ್ಟು ಎಳದರೂ ಕೂಡೂದಿಲ್ಲ,
ಜಗದೇವಿ ಟೀಚರ್ ಎಷ್ಟು ತಡದರೂ ನಗೂದಿಲ್ಲ.
ನಾನೇ ಓದಿ ಬಂದೀನಿ.
ಅಕ್ಷರ ಚೆಂದ ಇದ್ದವು.

ಡಿಎ ಬಾಕಿ ಬಂದಿತ್ತು.
ಜಗತ್ ಸರ್ಕಲಿನ ಕಡೆ, ಎರಡನೇ ಮಾಳಗಿ, ಎಸಿ ಕೋಲಿ.
"ಇರುವಿ ಕಡದಂಗ ಆಗ್ತದ, ಅಷ್ಟೇ" ಅಂದ್ರು ಡಾಕ್ಟರ್ ಸಬೀಹಾ.
ಐದು ಇರುವಿ ಕಡದವು.
ನಾಕು ತಾಸು ಮಲಗಬ್ಯಾಡ್ರಿ, ಹಣಿ ತಿಕ್ಕಬ್ಯಾಡ್ರಿ,
ಇಷ್ಟು ಹೇಳಿ ಕಾಗದಕ್ಕ ಸಹಿ ಹಾಕಿಸಿಕೊಂಡ್ರು.
ಸಣ್ಣ ಅಕ್ಷರದಾಗ ಅದರಾಗ ಎಲ್ಲಾ ಇತ್ತಂತ.
ಮಂದಿ ಲೆಕ್ಕದಾಗ ತಪ್ಪು ಹುಡುಕೂದೇ ನನ್ನ ನೌಕರಿ,
ಓದಲಿಲ್ಲ.

ಜೂನ್ ಬಂದ್ರೂ ಹೊರಗ ನಲವತ್ತೊಂದು ಡಿಗ್ರಿ.
ಆಟೋದಾಗ ದಾಲ್ ಮಿಲ್ಲಿನ ಧೂಳಿ.
ಬೆವರು ಒರಸಿಕೊಂಡ್ನೇನು? ಒರಸಿರಬೇಕು.
ಹಣಿ ಮುಟ್ಟಲಾರದ
ಕಲಬುರಗಿಯಾಗ ಯಾವಾಕಿ ಬದುಕ್ಯಾಳ?

ಆರನೇ ದಿನ ಮುಂಜಾನೆ ಶಟರ್ ಇಳದಿತ್ತು.
ಗೆರಿ ಹೋಗಿದ್ದವು, ಖರೇ,
ಹಣಿ ಶಹಾಬಾದ ಫರಸಿ ಹಂಗ ನುಣ್ಣಗ.
ನಮ್ಮವರು ಚಹಾದ ಕಪ್ಪಿನ ಮ್ಯಾಲಿಂದ ನೋಡಿ
"ನಿದ್ದಿ ಆಗಿಲ್ಲೇನು" ಅಂದ್ರು.
ಗೆರಿ ಇಲ್ಲದ್ದು ಅವರಿಗೆ ಕಾಣಲಿಲ್ಲ.
ಇದ್ದಾಗ ಕಂಡಿದ್ವೋ ಇಲ್ಲೋ, ನಾ ಕೇಳಿಲ್ಲ.

ಸಾಲ್ಯಾಗ ಹಾಜರಿಗೆ ಮೊಬೈಲ್ ಹಿಡದ್ರ
"ಕಣ್ಣು ತೆರೆಯಿರಿ" ಅಂತದ.
ತೆರದೀನಿ.
"ಕಣ್ಣು ತೆರೆಯಿರಿ."
ಬೆರಳಿಲೆ ರೆಪ್ಪಿ ಎತ್ತಿ ಹಿಡದು
ಸರಕಾರಕ್ಕ ಹಾಜರಾದೆ.
"ಲಕ್ವಾ ಅದ, ಪಾರಿವಾಳದ ರಕ್ತ ಹಚ್ಚಸ್ರಿ" ಅಂದ ಚಪ್ರಾಸಿ ಹಣಮಂತ.
ಇರುವಿ ಕಡದಾವ ಅಂದೆ.
ಸುಳ್ಳಲ್ಲ.

ಒಂಬತ್ತನೇತ್ತ. ಮೂರನೇ ಬೆಂಚಿನಾಗ ಕಿಸಕ್.
ಟೀಚರ್ ಕಣ್ಣು ಹೊಡದ್ರು ಅಂತ ಯಾರೋ ಪಿಸುಗುಟ್ಟಿದ್ರು.
ಸಿಟ್ಟು ಬಂತು. ಬಂದು ಹಣಿತನಕ ಏರಿ
ರೈಲ್ವೆ ಗೇಟ್ ಬಿದ್ದಲ್ಲಿ ಟೆಂಪೋ ನಿಂತಂಗ
ಗುರ್ ಗುರ್ ಅಂತ ಅಲ್ಲೇ ನಿಂತಿತು.
ಹುಬ್ಬು ಗಂಟು ಹಾಕಾಕ ಹೋದೆ,
ಗಂಟೇ ಬೀಳಲಿಲ್ಲ.

ರೆಪ್ಪಿ ಕೆಳಗಿಂದ ಕಾಣಲಿ ಅಂತ ಗದ್ದ ಎತ್ತಿ
ರೂಢಿ ಮಾತು ಕೇಳಿದೆ: "ಡೌಟ್ ಅದಾವೇನು?"
ಇಪ್ಪತ್ತೆರಡು ವರ್ಷ ಕೇಳೀನಿ ಅದನ್ನ.
ಫ್ಯಾನಿನ ಸಪ್ಪಳ ಬಿಟ್ರ ಉತ್ತರ ಬಂದಿಲ್ಲ.

ಕಡೀ ಬೆಂಚಿನ ನುಜಹತ್ ಎದ್ದು ನಿಂತಳು.
"ಟೀಚರ್, ಮೈನಸ್ಸಿಗೆ ಮೈನಸ್ ಗುಣಿಸಿದ್ರ
ಪ್ಲಸ್ ಯಾಕ ಆಗ್ತದ?
ಏಳನೇತ್ತದಿಂದ ಕೇಳಬೇಕಂತ ಮಾಡೀನಿ."
ಮತ್ತೊಂದು ಕೈ ಎದ್ದಿತು. ಅದರ ಹಿಂದ ಇನ್ನೊಂದು.
ಏಳು ಕೈ ಎಣಿಸಿದೆ.
ಎಡಕ್ಕಿದ್ದವು ನನಗ ಕಂಡಿರಲಿಕ್ಕಿಲ್ಲ.

ಯಾಕ ಆಗ್ತದಂತ ನನಗೂ ಯಾರೂ ಹೇಳಿದ್ದಿಲ್ಲ.
ಅದು ನಿಯಮ, ಬರಕೋ, ಅಂದಿದ್ರು.
ಸೀಮೆಸುಣ್ಣ ಹಿಡದು ಒಂದು ಗಳಿಗಿ ನಿಂತೆ,
ಮುಂದ "ಕೂಡ್ರಿ, ನೋಡೋಣು" ಅಂದೆ.
ಗಂಟಿ ಹೊಡದ ಮ್ಯಾಲೂ ನೋಡಕೋತ ಇದ್ವಿ.

ಸಬೀಹಾ ಮೇಡಂ ಕಣ್ಣಿಗೆ ಹನಿ ಕೊಟ್ಟಾರ, ದಿನಕ್ಕ ಮೂರು ಸರ್ತಿ.
ಹಾಕಿದ್ರ ಕೂದಲೆಳಿಯಷ್ಟು ಏಳ್ತದ,
ಸಂಜೀಕ ಹೊಳ್ಳಿ ಇಳೀತದ.
ಆರು ವಾರ, ಎಂಟು ವಾರ, ತಾನೇ ಸರಿ ಹೋಗ್ತದಂತ.
ದೀಪಾವಳಿ ಹೊತ್ತಿಗೆ ಗೆರಿನೂ ಹೊಳ್ಳಿ ಬರ್ತಾವಂತ.
"ಆಗ ಬರ್ರಿ, ರಿಯಾಯಿತಿ ಮಾಡ್ತೀನಿ" ಅಂದ್ರು.

ಲೆಕ್ಕ ಹಾಕೀನಿ.
ದಸರಾ ಸೂಟಿ ಕಳದು, ದೀಪಾವಳಿತನಕ
ಇನ್ನ ತೊಂಬತ್ತಾರು ಪೀರಿಯಡ್ ಅದಾವ.